ನಾಲ್ಕು ವರ್ಷ ಯಾರೂ ಮಾತಾಡಲಿಲ್ಲ



ನನ್ನ ಕಸುಬೇ ಮಾತು. ರಾತ್ರಿ ಒಂಬತ್ತಾದರೆ ಈ ಕುರ್ಚಿಯಲ್ಲಿ ಕೂತು ನಾನೂ ಮಾತಾಡ್ತೀನಿ, ಎದುರಿಗೆ ಆರು ಜನರನ್ನು ಕೂರಿಸಿಕೊಂಡು ಅವರಿಂದಲೂ ಮಾತಾಡಿಸ್ತೀನಿ. ಕೆಲವೊಮ್ಮೆ ಆರೂ ಜನ ಒಟ್ಟಿಗೇ ಮಾತಾಡ್ತಾರೆ. ಯಾರು ಏನು ಹೇಳಿದರು ಅಂತ ಅವರಿಗೂ ಗೊತ್ತಾಗಲ್ಲ, ನಿಮಗೂ ಗೊತ್ತಾಗಲ್ಲ. ಆದರೂ ಮಾತು ನಿಲ್ಲೋ ಹಾಗಿಲ್ಲ. ಈ ಸ್ಟುಡಿಯೋದಲ್ಲಿ ಮೂರು ಸೆಕೆಂಡ್ ಮೌನ ಆಯ್ತು ಅಂದ್ರೆ ಸಾಕು, ಕಿವಿಯಲ್ಲಿರೋ ಇಯರ್‌ಪೀಸ್‌ನಲ್ಲಿ ಪ್ರೊಡ್ಯೂಸರ್ ಕೂಗೋಕೆ ಶುರು ಮಾಡ್ತಾರೆ.

ಇವತ್ತು ಚರ್ಚೆ ಇಲ್ಲ. ಇವತ್ತು ನಿಮಗೆ ಒಬ್ಬ ಮನುಷ್ಯನ ಕಥೆ ಹೇಳ್ತೀನಿ. ಜೊತೆಗೆ, ನಾನೇ ಮಾಡಿದ ಒಂದು ತಪ್ಪನ್ನೂ ಒಪ್ಪಿಕೊಳ್ತೀನಿ. ಮೊದಲು ಕಥೆ.

ಒಂದು ಕ್ಷಣ ಕಲ್ಪನೆ ಮಾಡಿಕೊಳ್ಳಿ. ನಿಮಗೆ ಹತ್ತೊಂಬತ್ತು ವರ್ಷ. ಕಷ್ಟಪಟ್ಟು ಓದಿ, ಪರೀಕ್ಷೆ ಪಾಸ್ ಮಾಡಿ, ದೇಶದ ಅತಿ ದೊಡ್ಡ ಸೈನಿಕ ಕಾಲೇಜಿಗೆ ಸೇರಿದ್ದೀರಿ. ಕೆಲವೇ ದಿನ ಆಗಿದೆ. ಯಾರೋ ಬಾಗಿಲು ತಟ್ಟಿ, ಇನ್ನು ಹತ್ತು ನಿಮಿಷದಲ್ಲಿ ನೆಲಮಾಳಿಗೆಯಲ್ಲಿ ಮೀಟಿಂಗ್ ಇದೆ ಅಂತ ಹೇಳಿ ಹೋಗ್ತಾರೆ. ನೀವು ಹೋಗ್ತೀರಿ. ಬಾಗಿಲ ಹತ್ತಿರ ಬಂದಾಗ ಒಳಗಿಂದ ಒಂದು ದನಿ ಕೇಳಿಸುತ್ತೆ. ಈ ಕರಿಯನನ್ನು ಏನು ಮಾಡೋಣ ಅಂತ ಯಾರೋ ಕೇಳ್ತಿದ್ದಾರೆ. ಅವರು ಬಳಸಿದ ಪದ ಇದಕ್ಕಿಂತ ಕೆಟ್ಟದ್ದು, ಅದನ್ನು ನಾನು ಇಲ್ಲಿ ಹೇಳೋದಿಲ್ಲ. ಮೀಟಿಂಗ್ ನಡೀತಿರೋದೇ ನಿಮ್ಮ ಬಗ್ಗೆ! ನೀವು ಸದ್ದಿಲ್ಲದೆ ತಿರುಗಿ ನಿಮ್ಮ ಕೋಣೆಗೆ ವಾಪಸ್ ಬರ್ತೀರಿ.

ಅವತ್ತಿಂದ ಆ ಕಾಲೇಜಿನಲ್ಲಿ ನಿಮ್ಮ ಜೊತೆ ಯಾರೂ ಮಾತಾಡಲ್ಲ. ಒಂದು ದಿನ ಅಲ್ಲ, ಒಂದು ತಿಂಗಳೂ ಅಲ್ಲ. ನಾಲ್ಕು ವರ್ಷ.

ಇದು 1932ರ ಜುಲೈ. ಜಾಗ ಅಮೆರಿಕದ ನ್ಯೂಯಾರ್ಕ್ ರಾಜ್ಯದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿ. ಆ ಹುಡುಗನ ಹೆಸರು ಬೆಂಜಮಿನ್ ಆಲಿವರ್ ಡೇವಿಸ್ ಜೂನಿಯರ್.

ಅಲ್ಲಿ ಒಂದು ಪದ್ಧತಿ ಇತ್ತು. ಸುಳ್ಳು ಹೇಳಿ, ಮೋಸ ಮಾಡಿ ಸಿಕ್ಕಿಬಿದ್ದ ವಿದ್ಯಾರ್ಥಿ ಕಾಲೇಜು ಬಿಟ್ಟು ಹೋಗಲ್ಲ ಅಂತ ಹಟ ಹಿಡಿದರೆ, ಉಳಿದವರೆಲ್ಲ ಅವನ ಜೊತೆ ಮಾತು ಬಿಡಬೇಕು. ಅದು ಶಿಕ್ಷೆ. ಡೇವಿಸ್ ಸುಳ್ಳು ಹೇಳಿರಲಿಲ್ಲ, ಮೋಸ ಮಾಡಿರಲಿಲ್ಲ. ಅವನ ಮೈಬಣ್ಣ ಕಪ್ಪಾಗಿತ್ತು, ಅಷ್ಟೇ. ಬೇರೆಯವರಿಗೆಲ್ಲ ಕೋಣೆಯಲ್ಲಿ ಜೊತೆಗಾರರಿದ್ದರು, ಇವನು ಒಬ್ಬನೇ. ಕ್ಯಾಂಪ್‌ಗೆ ಹೋದರೆ ಟೆಂಟ್‌ನಲ್ಲೂ ಒಬ್ಬನೇ. ಊಟದ ಹಾಲ್‌ನಲ್ಲಿ ಟೇಬಲ್ ತುಂಬ ಜನ ಇದ್ದರೂ ಇವನ ಕಡೆಗೆ ಒಂದು ಮಾತಿಲ್ಲ. ಕವಾಯತಿನ ಆದೇಶ, ತರಗತಿಯ ಪ್ರಶ್ನೆ, ಇಂಥ ಕೆಲಸದ ಮಾತು ಬಿಟ್ಟರೆ ಬೇರೇನೂ ಇಲ್ಲ.

ಬಹಿಷ್ಕಾರ ಅನ್ನೋ ಪದ ನಮಗೆ ಹೊಸದಲ್ಲ, ಅಲ್ವಾ? ಅದಕ್ಕೇ ಈ ಕಥೆ ನಮಗೆ ಬೇಗ ಅರ್ಥ ಆಗುತ್ತೆ. ಯಾರೂ ಹೊಡೆಯಲ್ಲ, ಯಾರೂ ಬೈಯಲ್ಲ. ದೂರು ಕೊಡೋಣ ಅಂದ್ರೆ ಏನಂತ ಕೊಡೋದು? ಇವರು ನನ್ನ ಜೊತೆ ಮಾತಾಡ್ತಿಲ್ಲ ಅಂತಲಾ? ಅವನಾಗೇ ಸೋತು ಗಂಟುಮೂಟೆ ಕಟ್ಟಲಿ ಅನ್ನೋದು ಅವರ ಲೆಕ್ಕ.

ಹುಡುಗ ಗಂಟುಮೂಟೆ ಕಟ್ಟಲಿಲ್ಲ. 1936ರ ಜೂನ್‌ನಲ್ಲಿ 276 ಜನರ ತರಗತಿಯಲ್ಲಿ 35ನೇ ಸ್ಥಾನ ಪಡೆದು ಪಾಸಾದ. ಇಪ್ಪತ್ತನೇ ಶತಮಾನದಲ್ಲಿ ವೆಸ್ಟ್ ಪಾಯಿಂಟ್‌ನಿಂದ ಪಾಸಾದ ಮೊದಲ ಕಪ್ಪು ವಿದ್ಯಾರ್ಥಿ ಅವನು. ತಮಾಷೆ ನೋಡಿ, ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಅವನ ಧೈರ್ಯ, ಛಲ, ಬುದ್ಧಿ ಎಲ್ಲವನ್ನೂ ಹೊಗಳಿ ಬರೆದರು. ನಾಲ್ಕು ವರ್ಷ ಬಾಯಿ ಬಿಟ್ಟು ಒಂದು ಮಾತಾಡದ ಜನ ಕೊನೆಗೆ ಅಚ್ಚು ಹಾಕಿಸಿ ಹೊಗಳಿದರು!

ಇಷ್ಟು ಗಟ್ಟಿತನ ಎಲ್ಲಿಂದ ಬಂತು? ಮನೆಯಿಂದ ಬಂತು. ಅಪ್ಪನ ಹೆಸರೂ ಬೆಂಜಮಿನ್ ಡೇವಿಸ್. ಅವರು ಸಾಮಾನ್ಯ ಸಿಪಾಯಿಯಾಗಿ ಸೈನ್ಯ ಸೇರಿ ಅಧಿಕಾರಿಯಾದವರು. ಆದರೆ ಬಿಳಿಯ ಸೈನಿಕರು ಇವರ ಕೈಕೆಳಗೆ ಬರಬಾರದು ಅಂತ ಸೈನ್ಯ ಅವರನ್ನು ಎಲ್ಲೆಲ್ಲೋ ಓಡಾಡಿಸ್ತಾ ಇತ್ತು. ಕಪ್ಪು ಜನರ ಕಾಲೇಜುಗಳಲ್ಲಿ ಪಾಠ ಹೇಳೋಕೆ ಕಳಿಸ್ತಿತ್ತು.

ಹಾಗೆ 1920ರ ದಶಕದಲ್ಲಿ ಅಲಬಾಮಾ ರಾಜ್ಯದ ಟಸ್ಕೀಗಿ ಊರಲ್ಲಿದ್ದಾಗ ಒಂದು ಘಟನೆ ನಡೀತು. ಅಲ್ಲಿನ ಮಾಜಿ ಸೈನಿಕರ ಆಸ್ಪತ್ರೆಗೆ ಕಪ್ಪು ಸಿಬ್ಬಂದಿ ಬರಬಾರದು ಅಂತ ಕು ಕ್ಲಕ್ಸ್ ಕ್ಲಾನ್ ಮೆರವಣಿಗೆ ಹೊರಡಿಸಿತು. ಬಿಳಿ ಮುಸುಕು, ಕೈಯಲ್ಲಿ ಪಂಜು. ಕಪ್ಪು ಜನ ದೀಪ ಆರಿಸಿ, ಬಾಗಿಲು ಹಾಕಿಕೊಂಡು ಕೂರಬೇಕು ಅನ್ನೋದು ಅವತ್ತಿನ ನಿರೀಕ್ಷೆ. ಡೇವಿಸ್ ಮನೆಯಲ್ಲಿ ಮಾತ್ರ ಜಗಲಿಯ ದೀಪ ಉರಿತಾ ಇತ್ತು. ಅಪ್ಪ ಬಿಳಿ ಸಮವಸ್ತ್ರ ಹಾಕಿಕೊಂಡು, ಹೆಂಡತಿ ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಮೆರವಣಿಗೆ ಪೂರ್ತಿ ಹಾದು ಹೋಗೋವರೆಗೂ ಜಗಲಿಯಲ್ಲೇ ಕೂತಿದ್ದರು. ಒಂದು ಮಾತೂ ಆಡಲಿಲ್ಲ. ಆ ಹುಡುಗ ಅದನ್ನು ನೋಡಿದ್ದ. ಸುಮ್ಮನಿರೋದಕ್ಕೂ ಹೆದರಿ ಸುಮ್ಮನಿರೋದಕ್ಕೂ ವ್ಯತ್ಯಾಸ ಇದೆ ಅಂತ ಅವತ್ತೇ ಕಲಿತಿದ್ದ ಅನಿಸುತ್ತೆ.

ಹದಿಮೂರನೇ ವಯಸ್ಸಿಗೆ ಅವನಿಗೆ ಇನ್ನೊಂದು ಹುಚ್ಚು ಹಿಡೀತು. ವಾಷಿಂಗ್ಟನ್‌ನ ಬೋಲಿಂಗ್ ಫೀಲ್ಡ್‌ನಲ್ಲಿ ದುಡ್ಡು ತಗೊಂಡು ಜನರನ್ನು ವಿಮಾನದಲ್ಲಿ ಒಂದು ಸುತ್ತು ಹಾರಿಸ್ತಿದ್ದರು. ಅಪ್ಪ ಮಗನಿಗೆ ಟಿಕೆಟ್ ಕೊಡಿಸಿದರು. ಕೆಳಗಿಳಿದಾಗ ಹುಡುಗ ತೀರ್ಮಾನ ಮಾಡಿಯಾಗಿತ್ತು, ನಾನು ಪೈಲಟ್ ಆಗಬೇಕು ಅಂತ.

ಆದರೆ ಆಸೆ ಪಟ್ಟ ತಕ್ಷಣ ಬಿಡ್ತಾರಾ? ವೆಸ್ಟ್ ಪಾಯಿಂಟ್‌ನ ಕೊನೆಯ ವರ್ಷ ವಾಯುದಳಕ್ಕೆ ಅರ್ಜಿ ಹಾಕಿದ. ಅರ್ಜಿ ವಾಪಸ್ ಬಂತು. ಕಾರಣ ಏನು ಗೊತ್ತಾ? ವಾಯುದಳದಲ್ಲಿ ಕಪ್ಪು ಜನರ ಘಟಕ ಇಲ್ಲ, ಹಾಗಾಗಿ ಕಪ್ಪು ಅಧಿಕಾರಿಯೂ ಬೇಡ. ಘಟಕ ಯಾಕಿಲ್ಲ? ಕಪ್ಪು ಪೈಲಟ್‌ಗಳು ಇಲ್ಲವಲ್ಲ! ಸುತ್ತಿ ಸುತ್ತಿ ಅಲ್ಲಿಗೇ ಬಂದು ನಿಲ್ಲೋ ತರ್ಕ.

ಕೊನೆಗೆ ಜಾರ್ಜಿಯಾದ ಫೋರ್ಟ್ ಬೆನ್ನಿಂಗ್‌ನ ಕಾಲಾಳು ಪಡೆಗೆ ಹಾಕಿದರು. ಆಗಷ್ಟೇ ಮದುವೆ ಆಗಿತ್ತು, ಹೆಂಡತಿ ಅಗಾಥಾ ಜೊತೆಗಿದ್ದರು. ಅಲ್ಲಿನ ಅಧಿಕಾರಿಗಳ ಕ್ಲಬ್ಬಿಗೆ ಪ್ರವೇಶ ಇಲ್ಲ. ಮೌನ ಅಲ್ಲೂ ಮುಂದುವರಿಯಿತು, ಈ ಸಲ ಇಬ್ಬರ ಮೇಲೂ.

ಬಾಗಿಲು ತೆರೆದದ್ದು 1941ರಲ್ಲಿ. ಯುದ್ಧ ಹತ್ತಿರ ಬರ್ತಿತ್ತು. ಕಪ್ಪು ಜನರ ಸಂಘಟನೆಗಳು, ಪತ್ರಿಕೆಗಳು ಒತ್ತಡ ಹಾಕ್ತಾ ಇದ್ದವು. ಸರ್ಕಾರ ಟಸ್ಕೀಗಿಯಲ್ಲಿ ಕಪ್ಪು ಪೈಲಟ್‌ಗಳಿಗೆ ತರಬೇತಿ ಶುರು ಮಾಡಿತು. ಅದೇ ಊರು, ಅಪ್ಪ ದೀಪ ಹಚ್ಚಿ ಕೂತಿದ್ದ ಊರು. ಮೊದಲ ತಂಡದಲ್ಲಿ ಹದಿಮೂರು ಜನ. 1942ರ ಮಾರ್ಚ್‌ನಲ್ಲಿ ಪೈಲಟ್ ಬ್ಯಾಡ್ಜ್ ಸಿಕ್ಕಿದ್ದು ಐದೇ ಜನಕ್ಕೆ. ಅವರಲ್ಲಿ ಒಬ್ಬರು ಕ್ಯಾಪ್ಟನ್ ಡೇವಿಸ್. ಇನ್ನು ಮುಂದೆ ನಾನೂ ಅವರನ್ನು ಅವರು ಅಂತಲೇ ಕರೀತೀನಿ.

ಇನ್ನೊಂದು ವಿಷಯ ನೀವು ನೆನಪಿಡಬೇಕು. 1925ರಲ್ಲಿ ಅಮೆರಿಕ ಸೈನ್ಯದ ಯುದ್ಧ ಕಾಲೇಜು ಒಂದು ಅಧ್ಯಯನ ವರದಿ ಬರೆದಿತ್ತು. ಕಪ್ಪು ಜನರಿಗೆ ಬುದ್ಧಿ ಕಡಿಮೆ, ಧೈರ್ಯ ಕಡಿಮೆ ಅನ್ನೋದು ಅದರ ಸಾರ. ಅದನ್ನೇ ಸತ್ಯ ಅಂತ ನಂಬಿದ ಜನ ಮೇಲಿನ ಕುರ್ಚಿಗಳಲ್ಲಿ ಕೂತಿದ್ದರು. ಆದ್ದರಿಂದ ಡೇವಿಸ್ ನೇತೃತ್ವದ 99ನೇ ಫೈಟರ್ ಸ್ಕ್ವಾಡ್ರನ್ 1943ರಲ್ಲಿ ಉತ್ತರ ಆಫ್ರಿಕಾಕ್ಕೆ ಹೋದಾಗ, ಅದು ಯುದ್ಧಕ್ಕೆ ಹೋದ ಹಾಗಿರಲಿಲ್ಲ, ಪರೀಕ್ಷೆಗೆ ಕೂತ ಹಾಗಿತ್ತು.

ಆ ಪರೀಕ್ಷೆಯಲ್ಲಿ ಕೆಲವೇ ತಿಂಗಳಲ್ಲಿ ಫೇಲ್ ಅಂತ ಬರೆದುಬಿಟ್ಟರು. ಅವರ ಮೇಲಧಿಕಾರಿಯಾಗಿದ್ದ ಕರ್ನಲ್ ವಿಲಿಯಂ ಮೊಮೈಯರ್ ವರದಿ ಕಳಿಸಿದರು. ಇವರಲ್ಲಿ ಹೋರಾಟದ ಕಿಚ್ಚಿಲ್ಲ, ಶತ್ರು ಎದುರಾದರೆ ವ್ಯೂಹ ಮುರಿದು ಚದುರಿ ಹೋಗ್ತಾರೆ ಅನ್ನೋ ಅರ್ಥದ ವರದಿ. ಅದು ಮೆಟ್ಟಿಲು ಮೆಟ್ಟಿಲಾಗಿ ಮೇಲಕ್ಕೆ ಹೋಯ್ತು. ಪತ್ರಿಕೆಯಲ್ಲೂ ಸುದ್ದಿ ಬಂತು. ಇವರನ್ನು ಮುಂಚೂಣಿಯಿಂದ ಹಿಂದಕ್ಕೆ ಕರೆಸಿ ಕರಾವಳಿ ಕಾವಲಿಗೆ ಹಾಕಿಬಿಡೋಣ ಅನ್ನೋ ಮಾತು ನಡೀತು.

ಡೇವಿಸ್ ಅಷ್ಟೊತ್ತಿಗೆ ಹೊಸ ಪಡೆಯ ಹೊಣೆ ಹೊರಲು ಅಮೆರಿಕಕ್ಕೆ ಬಂದಿದ್ದರು. 1943ರ ಅಕ್ಟೋಬರ್‌ನಲ್ಲಿ ಯುದ್ಧ ಇಲಾಖೆಯ ಸಮಿತಿ ಮುಂದೆ ನಿಂತರು. ನಾನಾಗಿದ್ದರೆ ಏನು ಮಾಡ್ತಿದ್ದೆ? ಟೇಬಲ್ ಕುಟ್ಟಿ ಕೂಗ್ತಿದ್ದೆ. ಅವರು ಕೂಗಲಿಲ್ಲ. ಸಮಾಧಾನವಾಗಿ ಲೆಕ್ಕ ಒಪ್ಪಿಸಿದರು. ಬೇರೆ ಸ್ಕ್ವಾಡ್ರನ್‌ಗಳಲ್ಲಿ ಹೊಸಬರ ಜೊತೆ ಹಳೆಯ, ಯುದ್ಧ ಕಂಡ ಪೈಲಟ್‌ಗಳು ಇರ್ತಾರೆ, ನಮ್ಮಲ್ಲಿ ಎಲ್ಲರೂ ಹೊಸಬರೇ, ಯಾಕೆಂದರೆ ನಮಗಿಂತ ಮುಂಚೆ ನಮ್ಮವರನ್ನು ನೀವು ಸೇರಿಸಿಕೊಂಡೇ ಇರಲಿಲ್ಲ. ನಮ್ಮ ಪೈಲಟ್‌ಗಳ ಸಂಖ್ಯೆ ಬೇರೆ ಸ್ಕ್ವಾಡ್ರನ್‌ಗಳಿಗಿಂತ ಕಡಿಮೆ, ಹಾಗಾಗಿ ಒಬ್ಬೊಬ್ಬರ ಮೇಲೆ ಹೆಚ್ಚು ಹಾರಾಟದ ಭಾರ. ಶುರುವಿನಲ್ಲಿ ತಪ್ಪು ಆಗಿದೆ, ಕಲಿತಿದ್ದೇವೆ. ಅವರ ವಾದದ ತಿರುಳು ಇದು. ಆಮೇಲೆ ಸೈನ್ಯವೇ ಅಂಕಿ ಅಂಶ ತೆಗೆಸಿ ನೋಡಿತು. ಆ ಪ್ರದೇಶದಲ್ಲಿ ಅದೇ ಬಗೆಯ ವಿಮಾನ ಹಾರಿಸ್ತಿದ್ದ ಬೇರೆ ಸ್ಕ್ವಾಡ್ರನ್‌ಗಳಿಗೂ 99ಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ ಅಂತ ಗೊತ್ತಾಯ್ತು.

ಆ ಲೆಕ್ಕ ಮುಗಿಯೋಕೆ ಮುಂಚೆಯೇ ಆಕಾಶದಲ್ಲಿ ಉತ್ತರ ಸಿಕ್ಕಿತ್ತು. 1944ರ ಜನವರಿ 27 ಮತ್ತು 28ರಂದು, ಇಟಲಿಯ ಆಂಜಿಯೋ ತೀರದ ಮೇಲೆ, ಫೇಲ್ ಅನಿಸಿಕೊಂಡಿದ್ದ ಅದೇ 99ನೇ ಸ್ಕ್ವಾಡ್ರನ್ ಎರಡು ದಿನದಲ್ಲಿ ಹನ್ನೆರಡು ಜರ್ಮನ್ ವಿಮಾನಗಳನ್ನು ಹೊಡೆದುರುಳಿಸಿತು. ಮುಂಚೂಣಿಯಿಂದ ತೆಗೆಯೋ ಮಾತು ಅಲ್ಲಿಗೆ ನಿಂತುಹೋಯ್ತು.

ಮುಂದೆ ಡೇವಿಸ್ 332ನೇ ಫೈಟರ್ ಗ್ರೂಪ್‌ನ ನಾಯಕರಾಗಿ ಇಟಲಿಗೆ ಬಂದರು. ಆ ವಿಮಾನಗಳ ಬಾಲಕ್ಕೆ ಕೆಂಪು ಬಣ್ಣ ಬಳಿದಿದ್ದರು. ಅದಕ್ಕೇ ಅವರಿಗೆ ಕೆಂಪು ಬಾಲದವರು, ರೆಡ್ ಟೇಲ್ಸ್ ಅಂತ ಹೆಸರು. ಬಾಂಬರ್ ಅಂದ್ರೆ ದೊಡ್ಡ, ಭಾರದ, ನಿಧಾನ ವಿಮಾನ, ಒಂದೊಂದರಲ್ಲಿ ಹತ್ತು ಜನ. ಅವು ಜರ್ಮನಿಯ ಒಳಗೆ ಹೋಗಿ ಬಾಂಬ್ ಹಾಕಿ ವಾಪಸ್ ಬರೋವರೆಗೂ ಈ ಪುಟ್ಟ ಫೈಟರ್‌ಗಳು ಬೆಂಗಾವಲಾಗಿ ಹೋಗಬೇಕು. ಡೇವಿಸ್ ತಮ್ಮ ಪೈಲಟ್‌ಗಳಿಗೆ ಹಾಕಿದ್ದ ಕಟ್ಟಪ್ಪಣೆ ಒಂದೇ. ಶತ್ರು ವಿಮಾನ ಕಂಡಿತು, ಹೊಡೆದು ಹೆಸರು ಮಾಡೋಣ ಅಂತ ಬಾಂಬರ್‌ಗಳನ್ನು ಬಿಟ್ಟು ಓಡಬೇಡಿ. ಯಾರು ಇವರ ಜೊತೆ ಊಟಕ್ಕೆ ಕೂರೋಕೂ ಒಪ್ಪುತ್ತಿರಲಿಲ್ಲವೋ, ಅವರ ಜೀವ ಕಾಯೋ ಕೆಲಸ ಇವರದಾಗಿತ್ತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರ್ತೀನಿ.

ಯಲಹಂಕದಲ್ಲಿ ಏರ್ ಶೋ ನಡೆದ ಒಂದು ವರ್ಷ, ಜಗತ್ತಿನ ಹೆಸರಾಂತ ಯುದ್ಧ ಪೈಲಟ್‌ಗಳ ಬಗ್ಗೆ ನಾನು ಅರ್ಧ ಗಂಟೆಯ ವಿಶೇಷ ಕಾರ್ಯಕ್ರಮ ಮಾಡಿದ್ದೆ. ಹಿನ್ನೆಲೆಯಲ್ಲಿ ಡೋಲು, ಕಹಳೆ, ಸ್ಕ್ರೀನ್ ಮೇಲೆ ಬೆಂಕಿ. ನಾನು ದನಿ ಏರಿಸಿ ಹೇಳಿದೆ, ಈ ಕೆಂಪು ಬಾಲದ ವೀರರು ಇಡೀ ಯುದ್ಧದಲ್ಲಿ ಒಂದೇ ಒಂದು ಬಾಂಬರ್ ಕಳೆದುಕೊಳ್ಳಲಿಲ್ಲ ಅಂತ. ಎಷ್ಟು ಚೆನ್ನಾಗಿದೆ ಅಲ್ವಾ ಆ ಸಾಲು? ನನಗೂ ಹಾಗೇ ಅನ್ನಿಸಿತ್ತು.

ಒಂದು ವಾರಕ್ಕೆ ಪತ್ರ ಬಂತು. ವಾಯುಪಡೆಯಿಂದ ನಿವೃತ್ತರಾದ ಹಿರಿಯರೊಬ್ಬರು ಕೈಯಲ್ಲೇ ಬರೆದಿದ್ದರು. ಕಾರ್ಯಕ್ರಮ ಇಷ್ಟ ಆಯ್ತು, ಆದರೆ ಆ ಮಾತು ಸರಿಯಲ್ಲ, ಪರಿಶೀಲಿಸಿ ಅಂತ. ಪರಿಶೀಲಿಸಿದೆ. ಅವರು ಹೇಳಿದ್ದೇ ನಿಜ.

ಅಮೆರಿಕ ವಾಯುಪಡೆಯದೇ ಇತಿಹಾಸಕಾರ ಡೇನಿಯಲ್ ಹಾಲ್ಮನ್ ಅಂತ ಒಬ್ಬರು, ಹಳೆಯ ಕಡತಗಳನ್ನು ಒಂದೊಂದಾಗಿ ಹೋಲಿಸಿ ನೋಡಿದ್ದಾರೆ. 15ನೇ ವಾಯುಸೇನೆಯಡಿ 332ನೇ ಗ್ರೂಪ್ ಹಾರಿದ್ದು 311 ಕಾರ್ಯಾಚರಣೆ. ಅದರಲ್ಲಿ ಬಾಂಬರ್ ಬೆಂಗಾವಲು 179. ಅವುಗಳಲ್ಲಿ 7 ಕಾರ್ಯಾಚರಣೆಗಳಲ್ಲಿ ಶತ್ರು ವಿಮಾನಗಳಿಗೆ ಬಲಿಯಾದ ಬಾಂಬರ್‌ಗಳು 27. ಒಂದೂ ಕಳೆದುಕೊಂಡಿಲ್ಲ ಅನ್ನೋ ಸುದ್ದಿಯನ್ನು ಷಿಕಾಗೋದ ಒಂದು ಪತ್ರಿಕೆ 1945ರ ಮಾರ್ಚ್ 24ರಂದು ಅಚ್ಚು ಹಾಕಿತ್ತು. ಅದೇ ದಿನ ಬರ್ಲಿನ್ ಮೇಲಿನ ದಾಳಿಯಲ್ಲಿ ಈ ಪೈಲಟ್‌ಗಳು ಮೂರು ಜರ್ಮನ್ ಜೆಟ್ ವಿಮಾನಗಳನ್ನು ಉರುಳಿಸಿದರು. ಅದೇ ದಿನ ಅವರ ಬೆಂಗಾವಲಿನಲ್ಲಿದ್ದ ಬಾಂಬರ್‌ಗಳೂ ಬಿದ್ದವು.

ಈಗ ನೀವು ಕೇಳಬಹುದು, ಹಾಗಾದರೆ ಅವರ ಸಾಧನೆ ಕಡಿಮೆ ಆಯ್ತಾ? ಇಲ್ಲ. ಪೂರ್ತಿ ಕೇಳಿ. ಅದೇ ಇತಿಹಾಸಕಾರರ ಲೆಕ್ಕದಲ್ಲಿ, ಅದೇ ವಾಯುಸೇನೆಯ ಬೇರೆ ಬೆಂಗಾವಲು ಗ್ರೂಪ್‌ಗಳು ಕಳೆದುಕೊಂಡ ಬಾಂಬರ್‌ಗಳ ಸರಾಸರಿ 46. ಇವರದು 27. ಕಿಚ್ಚಿಲ್ಲ, ಚದುರಿ ಹೋಗ್ತಾರೆ ಅಂತ ಬರೆಸಿಕೊಂಡವರು ಸರಾಸರಿಗಿಂತ ಎಷ್ಟೋ ಮುಂದೆ ಇದ್ದರು. ಇದಕ್ಕೆ ಡೋಲು ಕಹಳೆ ಬೇಕಾ?

ಇನ್ನೊಂದು ಮಾತು. ಆ 27 ವಿಮಾನಗಳಲ್ಲಿ ಮನುಷ್ಯರಿದ್ದರು. ನಾನು ಒಂದೂ ಬೀಳಲಿಲ್ಲ ಅಂತ ಚಪ್ಪಾಳೆಗೋಸ್ಕರ ಹೇಳಿದಾಗ, ಅವರನ್ನೆಲ್ಲ ಇಲ್ಲ ಅನ್ನಿಸಿಬಿಟ್ಟೆ. ಒಬ್ಬರನ್ನು ಹೊಗಳೋಕೆ ಹೋಗಿ ಇನ್ನೊಬ್ಬರನ್ನು ಅಳಿಸಿದ ಹಾಗಾಯ್ತು. ಆ ತಪ್ಪಿಗೆ ಇವತ್ತು ಇದೇ ಕುರ್ಚಿಯಿಂದ ಕ್ಷಮೆ ಕೇಳ್ತಿದ್ದೀನಿ. ಆ ಹಿರಿಯರು ನೋಡ್ತಿದ್ದರೆ, ಸರ್, ನಿಮಗೆ ನಮಸ್ಕಾರ.

ಅಳಿಸೋದು ಅಂದೆ. ಅದಕ್ಕೂ ಒಂದು ಉದಾಹರಣೆ ಇದೇ ಕಥೆಯಲ್ಲಿದೆ. ಯುದ್ಧ ಮುಗಿದ ಮೇಲೆ ಡೇವಿಸ್ ಒಹಾಯೋ ರಾಜ್ಯದ ಲಾಕ್‌ಬೋರ್ನ್ ವಾಯುನೆಲೆಯ ಮುಖ್ಯಸ್ಥರಾದರು. 1948ರ ಜುಲೈ 26ರಂದು ಅಧ್ಯಕ್ಷ ಹ್ಯಾರಿ ಟ್ರೂಮನ್, ಸೈನ್ಯದಲ್ಲಿ ಬಣ್ಣದ ಭೇದ ಇರಬಾರದು ಅಂತ ಆದೇಶ ಹೊರಡಿಸಿದರು. ವಾಯುಪಡೆಯಲ್ಲಿ ಅದನ್ನು ಜಾರಿಗೆ ತರೋ ಯೋಜನೆಗೆ ಡೇವಿಸ್ ಕೂಡ ಕೈಜೋಡಿಸಿದರು. 1949ರ ಮೇ ತಿಂಗಳಲ್ಲಿ, ಕಪ್ಪು ಜನರ ಪ್ರತ್ಯೇಕ ಘಟಕಗಳು ಮುಚ್ಚೋಕೆ ಸ್ವಲ್ಪ ಮುಂಚೆ, ಲಾಸ್ ವೇಗಸ್‌ನಲ್ಲಿ ಇಡೀ ವಾಯುಪಡೆಯ ಗುರಿ ಹೊಡೆಯೋ ಸ್ಪರ್ಧೆ ನಡೀತು. ಪ್ರೊಪೆಲರ್ ವಿಮಾನಗಳ ವಿಭಾಗದಲ್ಲಿ ಗೆದ್ದದ್ದು 332ನೇ ಪಡೆ. ಟ್ರೋಫಿ ಕೊಟ್ಟರು, ಫೋಟೋ ತೆಗೆದರು.

ಆಮೇಲೆ? ವಾಯುಪಡೆಗೆ ಸಂಬಂಧಿಸಿದ ವಾರ್ಷಿಕ ಪುಸ್ತಕದಲ್ಲಿ 1949ರ ವಿಜೇತರ ಹೆಸರಿನ ಮುಂದೆ ಗೊತ್ತಿಲ್ಲ ಅಂತ ಅಚ್ಚಾಗ್ತಾ ಬಂತು. 1995ರವರೆಗೂ! ಟ್ರೋಫಿ ಸಿಕ್ಕಿದ್ದು 2004ರಲ್ಲಿ, ಒಂದು ಮ್ಯೂಸಿಯಂನ ಉಗ್ರಾಣದಲ್ಲಿ. ನೋಡಿ, ಊಟದ ಟೇಬಲ್‌ನಲ್ಲಿ ಮಾತಾಡದೇ ಇರೋದು ಒಂದು ಮೌನ. ಪುಸ್ತಕದಲ್ಲಿ ಹೆಸರು ಬರೆಯದೇ ಇರೋದೂ ಮೌನವೇ. ಯಾರೋ ಬೇಕಂತಲೇ ಮಾಡಿದರು ಅಂತ ನಾನು ಹೇಳ್ತಿಲ್ಲ. ಆದರೆ ಹುಡುಕೋ ಆಸಕ್ತಿ ಯಾರಿಗೂ ಇರಲಿಲ್ಲ, ಅದಂತೂ ನಿಜ.

ಡೇವಿಸ್ ಮಾತ್ರ ನಡೀತಾನೇ ಹೋದರು. 1953ರಲ್ಲಿ ಕೊರಿಯಾದಲ್ಲಿ ಜೆಟ್ ವಿಮಾನಗಳ 51ನೇ ಪಡೆಯ ನಾಯಕರಾದರು, ಅಲ್ಲಿ ಬಿಳಿಯ ಪೈಲಟ್‌ಗಳು ಅವರ ಆದೇಶದಂತೆ ಹಾರಿದರು. 1954ರಲ್ಲಿ ಬ್ರಿಗೇಡಿಯರ್ ಜನರಲ್ ಆದರು, ಅಮೆರಿಕ ವಾಯುಪಡೆಯ ಮೊದಲ ಕಪ್ಪು ಜನರಲ್. ಅವರಪ್ಪ 1940ರಲ್ಲಿ ಅಮೆರಿಕ ಭೂಸೇನೆಯ ಮೊದಲ ಕಪ್ಪು ಜನರಲ್ ಆಗಿದ್ದರು. 1970ರಲ್ಲಿ ಮೂರು ನಕ್ಷತ್ರಗಳ ಲೆಫ್ಟಿನೆಂಟ್ ಜನರಲ್ ಆಗಿ ನಿವೃತ್ತಿ. ನಾಲ್ಕನೇ ನಕ್ಷತ್ರ ಬಂದಿದ್ದು 1998ರಲ್ಲಿ, ಅಧ್ಯಕ್ಷ ಕ್ಲಿಂಟನ್ ಕೈಯಿಂದ. ಆಗ ಅವರಿಗೆ ಎಂಬತ್ತೈದು ವರ್ಷ.

1991ರಲ್ಲಿ ಅವರು ಆತ್ಮಕಥೆ ಬರೆದರು. ಅದಕ್ಕೆ ಮೊದಲ ಕಪ್ಪು ಪೈಲಟ್, ಮೊದಲ ಕಪ್ಪು ಜನರಲ್ ಅಂತೇನೂ ಹೆಸರಿಡಲಿಲ್ಲ. ತಮ್ಮ ಹೆಸರು, ಅದರ ಪಕ್ಕ ಒಂದೇ ಪದ, ಅಮೆರಿಕನ್. ಅಷ್ಟೇ. ಜೀವನ ಪೂರ್ತಿ ಅವರು ಕೇಳಿದ್ದು ಅಷ್ಟನ್ನೇ.

2002ರ ಜುಲೈ 4ರಂದು ಅವರು ತೀರಿಕೊಂಡರು. ಅಮೆರಿಕದ ಸ್ವಾತಂತ್ರ್ಯ ದಿನ. ಆರು ದಶಕ ಜೊತೆಗಿದ್ದ ಅಗಾಥಾ ಅದೇ ವರ್ಷ ಕೆಲವು ತಿಂಗಳ ಮುಂಚೆ ಹೋಗಿದ್ದರು. ಆರ್ಲಿಂಗ್ಟನ್ ಸ್ಮಶಾನದಲ್ಲಿ ಅಂತ್ಯಕ್ರಿಯೆ ನಡೆದಾಗ ಮೇಲೆ ಒಂದು ಹಳೆಯ ಕೆಂಪು ಬಾಲದ ವಿಮಾನ ಹಾರಿ ಹೋಯ್ತು.

ವೆಸ್ಟ್ ಪಾಯಿಂಟ್ ಏನು ಮಾಡಿತು? 2017ರಲ್ಲಿ ಅಲ್ಲಿ ವಿದ್ಯಾರ್ಥಿಗಳ ಹೊಸ ವಸತಿ ಕಟ್ಟಡವೊಂದು ಶುರುವಾಯ್ತು. ಅದರ ಹೆಸರು ಡೇವಿಸ್ ಬ್ಯಾರಕ್ಸ್. ಕೋಣೆಯಲ್ಲಿ ಜೊತೆಗೆ ಮಲಗೋಕೆ ಒಬ್ಬರೂ ಬರದಿದ್ದ ಹುಡುಗನ ಹೆಸರಿನ ಕಟ್ಟಡದಲ್ಲಿ ಇವತ್ತು ನೂರಾರು ಹುಡುಗ ಹುಡುಗಿಯರು ಜೊತೆಜೊತೆಯಾಗಿ ಇದ್ದಾರೆ. ಕಾಲೇಜು ತಪ್ಪು ಒಪ್ಪಿಕೊಂಡಿತು ಅಂತಲೇ ನಾನು ಅರ್ಥ ಮಾಡಿಕೊಳ್ತೀನಿ. ಎಂಬತ್ತು ವರ್ಷ ಆಯ್ತು, ಇರಲಿ.

ವೀಕ್ಷಕರೇ, ಅಷ್ಟು ದೊಡ್ಡ ಜನರಲ್ ಕಥೆಯಲ್ಲಿ ನನ್ನನ್ನು ಬಿಡದೆ ಕಾಡೋದು ಒಂದು ಸಣ್ಣ ಚಿತ್ರ. ತುಂಬಿದ ಊಟದ ಹಾಲ್, ತಟ್ಟೆ ಚಮಚಗಳ ಸದ್ದು, ಮಧ್ಯದಲ್ಲಿ ತಲೆ ತಗ್ಗಿಸದೆ ಒಬ್ಬನೇ ಊಟ ಮಾಡ್ತಿರೋ ಹುಡುಗ. ಆ ಹಾಲ್‌ನಲ್ಲಿದ್ದವರೆಲ್ಲ ಕೆಟ್ಟವರಾಗಿದ್ದರಾ? ನನಗೆ ಹಾಗನಿಸಲ್ಲ. ಎಷ್ಟೋ ಜನಕ್ಕೆ ಪಾಪ ಅಂತ ಅನಿಸಿರಬಹುದು. ಆದರೆ ಮೊದಲು ಮಾತಾಡೋರು ಯಾರು, ನನಗ್ಯಾಕೆ ಉಸಾಬರಿ ಅಂತ ಸುಮ್ಮನಿದ್ದರು. ಹಾಗೆ ನಾಲ್ಕು ವರ್ಷ ಕಳೆದುಹೋಯ್ತು.

ನಿಮ್ಮ ಆಫೀಸಿನ ಕ್ಯಾಂಟೀನ್‌ನಲ್ಲಿ, ಮಕ್ಕಳ ಹಾಸ್ಟೆಲ್‌ನಲ್ಲಿ, ಅಪಾರ್ಟ್‌ಮೆಂಟ್‌ನ ಹಬ್ಬದೂಟದಲ್ಲಿ ಹಾಗೆ ಒಬ್ಬರೇ ಕೂತವರು ಯಾರಾದರೂ ಕಂಡರೆ, ದೊಡ್ಡ ಭಾಷಣ ಏನೂ ಬೇಡ. ತಟ್ಟೆ ತಗೊಂಡು ಹೋಗಿ ಪಕ್ಕದಲ್ಲಿ ಕೂತು, ಊಟ ಹೇಗಿದೆ ಅಂತ ಕೇಳಿ. ವೆಸ್ಟ್ ಪಾಯಿಂಟ್‌ನ ಆ ತರಗತಿಯಲ್ಲಿ ಅಷ್ಟು ಜನ ಇದ್ದರು. ಅಷ್ಟನ್ನು ಕೇಳೋಕೆ ಒಬ್ಬರೂ ಮುಂದೆ ಬರಲಿಲ್ಲ.

ನಾಳೆ ಮತ್ತೆ ಸಿಗ್ತೀನಿ. ನಮಸ್ಕಾರ.